ಅಮ್ಮನ ಬಲಗೈ

ಅಕ್ಕಾ,

ನೀನು ಹೇಳಿದಂತೆ ಅಮ್ಮ ಹದಿನೈದು ದಿನ ಎಡಗೈಗೆ ಅಂಗಡಿಯ ಸಾಬೂನು, ಬಲಗೈಗೆ ನೀನು ಮನೆಯಲ್ಲಿ ಮಾಡಿ ಕಳಿಸಿದ ಸಾಬೂನು ಹಚ್ಚಿ ನೋಡಿದಳು. ಎಡಗೈ ಎಂದಿನಂತೆ ಒಣಗಿದೆ, ಅಷ್ಟೆ. ಬಲಗೈ ಬಿರಿದು ರಕ್ತ ಬರುತ್ತಿದೆ.

“ನಿಂದೇ ಚೆನ್ನಾಗಿದೆ ಕಣೇ, ಕೈ ಬೆಣ್ಣೆ ಥರ ಆಗಿದೆ” ಎಂದು ನಿನ್ನೆ ನಿನಗೆ ಹೇಳುವಾಗ ಫೋನನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಬೆರಳು ಮಡಚಲು ಆಗುತ್ತಿಲ್ಲ.

ಕಾಸ್ಟಿಕ್ ಸೋಡಾದ ಖಾರ ಇಳಿಯಲು ಆರು ವಾರ ಒಣಗಬೇಕಾದ ಸಾಬೂನನ್ನು ಹತ್ತೇ ದಿನಕ್ಕೆ ಕಳಿಸಿದ್ದೀಯ. ಮಾಡಿದ ತಾರೀಖನ್ನು ಪೊಟ್ಟಣದ ಮೇಲೆ ನೀನೇ ಬರೆದಿದ್ದೀಯ. ಅಷ್ಟೇನು ಆತುರವಿತ್ತು ನಿನಗೆ?

ನಾನು ಬಿಸಾಡಲು ಹೋದರೆ, “ಸುಮ್ನಿರೇ, ಪಾಪ, ಅವಳು ನೊಂದ್ಕೊತಾಳೆ” ಎಂದು ಕಿತ್ತುಕೊಂಡಳು. ಮುಂದಿನ ವಾರದಿಂದ ಮುಖಕ್ಕೂ ಹಚ್ಚುತ್ತಾಳಂತೆ.

ಅಮ್ಮನ ಎದುರು ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಪತ್ರ ಸಿಕ್ಕ ಕೂಡಲೇ ಅವಳಿಗೆ ಫೋನ್ ಮಾಡಿ, ಸಾಬೂನು ಕೆಟ್ಟಿದೆ ಎಂದು ನೀನೇ ಹೇಳು. ನನ್ನ ಮಾತು ಕೇಳುವುದಿಲ್ಲ.

ನಿನ್ನ ತಂಗಿ