ಅಂಗಡಿಯಾಚೆ ಹೇಳದ ಮಾತು

ಸಂಶಿ
ಸೋಮವಾರ

ನೀಲಕ್ಕನಿಗೆ ಗೌರೀಶನ ನಮಸ್ಕಾರ.

ನಿನ್ನೆ ನೀನು ಸಿಟ್ಟು ಮಾಡಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ನಿನಗೆ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ.

ನಿನ್ನ ಮಗಳು ರೋಹಿಣಿಗೆ ನೀವು ನೋಡಿರುವ ಹುಡುಗ ಈರೇಶ ನಮ್ಮೂರಿನವನು. ಅವನ ಮನೆಯವರು ಔಷಧಿಗೆ ನನ್ನ ಅಂಗಡಿಗೇ ಬರುತ್ತಾರೆ. "ಅವಂಗ ಏನರ ಜಡ್ಡು ಐತೇನು, ಯಾವ ಗುಳಿಗಿ ಒಯ್ತಾನ, ಅಷ್ಟ ಹೇಳೋ" ಎಂದು ನೀನು ಕೇಳಿದೆ. ಹೇಳುವುದಿಲ್ಲ, ಅಕ್ಕಾ. ಅವನು ಗುಳಿಗೆ ಒಯ್ದರೂ, ಒಯ್ಯದಿದ್ದರೂ ನಾನು ಬರೆಯುವುದು ಇದನ್ನೇ. ಈ ಊರಿಗೆ ವರ ನೋಡಲು ಬರುವ ಹೆಣ್ಣಿನ ಕಡೆಯವರೆಲ್ಲ ಬಸ್ಸಿಳಿದು ಮೊದಲು ನನ್ನ ಅಂಗಡಿಗೇ ಬರುತ್ತಾರೆ. ನೆಪಕ್ಕೊಂದು ಮುಲಾಮು ಕೊಂಡು, ದನಿ ಇಳಿಸಿ ಇದನ್ನೇ ಕೇಳುತ್ತಾರೆ. ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ.

ಆದರೂ ಮದುವೆ ಊಟದಲ್ಲಿ ನನ್ನ ಬಾಜು ಯಾರೂ ಕೂಡುವುದಿಲ್ಲ. ಅವರವರ ಜಡ್ಡು ನನಗೆ ಗೊತ್ತಲ್ಲ, ಅದೇ ಸಂಕೋಚ. ಶಂಕ್ರಪ್ಪ ಕಾಕಾ ಅಂಗಡಿಯಲ್ಲಿ ನನ್ನ ಕಿವಿಯ ತನಕ ಬಗ್ಗಿ ಮಾತಾಡುತ್ತಾರೆ, ಸಂತೆಯಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಾರೆ.

ರೋಹಿಣಿ ತಿಳಿವಳಿಕೆ ಇರುವ ಹುಡುಗಿ. ಈರೇಶನನ್ನು ಎದುರಿಗೆ ಕೂಡಿಸಿಕೊಂಡು ಅವಳೇ ಕೇಳಲಿ. ಅವನೂ ಅವಳನ್ನು ಕೇಳಲಿ.

ನಿನ್ನ ಸಿಟ್ಟು ಇಳಿಯದಿದ್ದರೂ ರವಿವಾರ ಎಂದಿನಂತೆ ಫೋನ್ ಮಾಡು. ನನಗೆ ಫೋನ್ ಮಾಡುವವಳು ನೀನೊಬ್ಬಳೇ. ಲಗ್ನದ ಮಾತು ಬೇಡವಾದರೆ ನನ್ನ ಆರೋಗ್ಯ ವಿಚಾರಿಸು. ದೀಪಾವಳಿಯಿಂದ ನಾನೂ ದಿನಾ ಎರಡು ಗುಳಿಗೆ ನುಂಗುತ್ತಿದ್ದೇನೆ. ಯಾತಕ್ಕೆ ಎಂದು ಯಾರೂ ಕೇಳಿಲ್ಲ.

ನೀನು ಕೇಳಿದರೆ, ಅದನ್ನು ಹೇಳುತ್ತೇನೆ.

ನಿನ್ನ ತಮ್ಮ
ಗೌರೀಶ