ಎಡಗಡೆಯ ಚಕ್ರ

ಮಾರ್ಚ್ 4, ಸಂಜೆ

ಇವತ್ತೂ ಅಪ್ಪನ ಕಾರಿನ ಬ್ರೇಕ್ ಕೆಲಸ. ಬಲಗಡೆ ಮುಂದಿನ ಚಕ್ರ ಬಿಚ್ಚಿ ಡ್ರಮ್ ಉಜ್ಜಿದೆ, ಹಳೇ ರಬ್ಬರ್ ಕಿತ್ತು ಹೊಸದು ಹಾಕಿದೆ. ಉಗುರೊಳಗಿನ ಮಸಿ ಹೋಗುತ್ತಿಲ್ಲ. ನಾಳೆ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋದಾಗ ಡಾಕ್ಟರಮ್ಮ ನನ್ನ ಕೈ ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ.

ಅಣ್ಣನ ಫೋನ್. “ಶೆಡ್ಡು ಖಾಲಿ ಮಾಡ್ಬೇಕು. ಗುಜರಿಯವನಿಗೆ ಹೇಳಿದೀನಿ, ಹದಿನಾರಕ್ಕೆ ಬಂದು ಕಾರ್ ಎಳ್ಕೊಂಡು ಹೋಗ್ತಾನೆ.”

“ಅಪ್ಪನ್ನ ಕೇಳಿದ್ಯಾ?”

“ಅಪ್ಪಂಗೆ ಮಾತೇ ಬರಲ್ಲ. ಏನಂತ ಕೇಳ್ಲಿ?”

ಮೈಯೆಲ್ಲ ಉರಿದುಹೋಯಿತು. ಕೊನೆಗೆ ದೊಡ್ಡ ಮನಸ್ಸು ಮಾಡಿದ — ಅಷ್ಟರೊಳಗೆ ಗಾಡಿ ತಾನಾಗಿ ಓಡಿ ಗೇಟು ದಾಟಿದರೆ ನಾನೇ ಇಟ್ಟುಕೊಳ್ಳಬಹುದಂತೆ. ಧರ್ಮಪ್ರಭು!

ಮಾರ್ಚ್ 5

ಅಮೆರಿಕದ ಗಾಡಿ. ಎರಡೇ ಬಾಗಿಲು, ಎಂಟು ಸಿಲಿಂಡರ್, ಎಡಗಡೆ ಸ್ಟೀರಿಂಗ್. ರಜೆ ಬಂತೆಂದರೆ ಅಪ್ಪ ಬಾನೆಟ್ ಎತ್ತಿ ಅಣ್ಣನಿಗೆ ಕಲಿಸುತ್ತಿದ್ದರು. ಅವನಿಗೋ ಆಕಳಿಕೆ. ನಾನು ಪಾನಾ ಮುಟ್ಟಿದರೆ ಎಡಗೈ ಬೀಸಿ, “ನಿಂಗ್ಯಾಕೆ ಇದೆಲ್ಲ? ಒಳಗ್ಹೋಗು.” ಕಿಟಕಿಯಿಂದ ನೋಡಿ ಎಷ್ಟು ಬರುತ್ತೋ ಅಷ್ಟು ಕಲಿತೆ.

ಈಗ ಲಕ್ವ ಹೊಡೆದು ಬಲಗಡೆ ಮೈಯೂ ಹೋಯಿತು, ಮಾತೂ ಹೋಯಿತು. ಗಾಲಿಕುರ್ಚಿಯಲ್ಲಿ ಶೆಡ್ಡಿನ ಬಾಗಿಲಿಗೆ ತಂದು ಕೂರಿಸಿದರೆ ರೆಪ್ಪೆ ಮುಚ್ಚದೆ ನೋಡುತ್ತಾರೆ. ತಪ್ಪು ಹುಡುಕಲು... ಇನ್ನೇಕೆ.

ಮಾರ್ಚ್ 9, ಭಾನುವಾರ

ಎಡಗಡೆ ಮುಂದಿನ ಚಕ್ರ. ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ಬಡಿದೆ. ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ.

ಅಪ್ಪ ಎಡಗೈ ಬೀಸಲು ಶುರುಮಾಡಿದರು. ಅದೇ ಕೈ. ಒಳಗ್ಹೋಗು.

“ಹೋಗಲ್ಲ! ನೀವು ಕಲಿಸಿದ ಮಗ ಎಲ್ಲಿದಾನೆ ಈಗ? ಗುಜರಿಯವನ ಮನೆ ಬಾಗಿಲಲ್ಲಿ!”

ಅವರು ನಿಲ್ಲಿಸಲಿಲ್ಲ. ನಾನೂ ಬಿಡಲಿಲ್ಲ, ಪೈಪಿನ ಮೇಲೆ ಕುಣಿದೆ. ಟಕ್ — ಬೋಲ್ಟೇ ಮುರಿಯಿತು.

ಕುರ್ಚಿ ತಳ್ಳಿಕೊಂಡು ಹೋಗಿ ಅಪ್ಪನನ್ನು ಟಿವಿ ಎದುರು ಬಿಟ್ಟು ಬಂದೆ. ಟಿವಿ ಹಾಕಲಿಲ್ಲ.

ಮಾರ್ಚ್ 12

ಮುರಿದ ಬೋಲ್ಟಿನ ತುದಿ ಉಜ್ಜಿದೆ. ತುಕ್ಕಿನ ಕೆಳಗೆ ಒಂದು ಅಕ್ಷರ — L. ಉಳಿದವುಗಳ ಮೇಲೂ ಇದೆ. ಬಲಗಡೆ ಚಕ್ರದಲ್ಲಿ ಇರಲಿಲ್ಲ. L ಅಂದರೆ ಲೆಫ್ಟ್? ಏನೋ ಹೊಳೆದು ಪಕ್ಕದ ನಟ್ಟಿಗೆ ಪಾನಾ ಹಾಕಿ ಉಲ್ಟಾ ತಿರುಗಿಸಿದೆ. ಕಿರ್ ಅಂದು ಸಡಿಲವಾಯಿತು. ಓಡುವಾಗ ತಾನಾಗಿ ಬಿಚ್ಚದಿರಲಿ ಅಂತ ಈ ಗಾಡಿಗೆ ಎಡಗಡೆ ನಟ್ಟು-ಬೋಲ್ಟಿನ ಸುತ್ತು, ಥ್ರೆಡ್ಡೇ ಉಲ್ಟಾ. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿಯುತ್ತಿದ್ದೆ, ದಡ್ಡಿ.

ಅಪ್ಪ ಹೋಗು ಅನ್ನಲಿಲ್ಲ. ಯಾವ ಕಡೆ ತಿರುಗಿಸಬೇಕು ಅಂತ ತೋರಿಸುತ್ತಿದ್ದರು. ನನಗೆ. ಅಣ್ಣನಿಗಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ — ಬಾಯಿದ್ದಾಗ ಕಲಿಸಬಹುದಿತ್ತಲ್ಲ? ಗೊಣಗಿಕೊಂಡೇ ಕುರ್ಚಿಯನ್ನು ಮತ್ತೆ ಶೆಡ್ಡಿಗೆ ತಂದೆ.

ಮಾರ್ಚ್ 15

ಲೇತ್ ಅಂಗಡಿಯವನು ಬೋಲ್ಟ್ ಮಾಡಿಕೊಟ್ಟ. ಉಲ್ಟಾ ಥ್ರೆಡ್ ಅಂದಾಗ ನನಗೇ ತಲೆ ಉಲ್ಟಾ ಆಗಿದೆ ಅನ್ನುವ ಹಾಗೆ ನೋಡಿದ. ಬ್ರೇಕ್ ಹಿಡಿಯುತ್ತೆ. ಇಂಜಿನ್ ಕೂಗಿತು, ಪಕ್ಕದ ಮನೆಯವರೂ ಕೂಗಿದರು. ಗೇರ್ ಮಾತ್ರ ಬೀಳುತ್ತಿಲ್ಲ. ಒಂದನೇದು ಹುಡುಕಿದರೆ ಕರಕರ ಅಂತ ಹಲ್ಲು ಕಡಿಯುತ್ತೆ. ನಾಳೆ ಬರುತ್ತಾರೆ ಯಮದೂತರು.

ಮಾರ್ಚ್ 16, ಪೆಟ್ರೋಲ್ ಬಂಕ್

ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ, ಆಮೇಲೆ ಅಂಟಿಸಿಕೊಂಡರಾಯಿತು.

ಅಪ್ಪನನ್ನು ಎತ್ತಿ ಬಲಗಡೆ ಸೀಟಿಗೆ ಕೂರಿಸಿದೆ. ಅಣ್ಣ, ಗುಜರಿಯವನು ಇಬ್ಬರೂ ಗೇಟಿನಲ್ಲಿ. ಕ್ಲಚ್ ಒತ್ತಿದೆ. ಕರಕರ. ಮತ್ತೆ ಕರಕರ.

“ಸಾಕಿಳಿಯೇ. ಮರ್ಯಾದೆ ಕಳೀಬೇಡ,” ಅಂದ ಅಣ್ಣ.

ಅಪ್ಪ ನನ್ನ ಕೈಗೆ ಪಟ್ ಅಂತ ಹೊಡೆದರು. ಗೇರಿನ ಮೇಲೆ ತಮ್ಮ ಎಡಗೈ ಇಟ್ಟರು. ಈ ಗಾಡಿಯಲ್ಲಿ ಗೇರು ನಡುವೆ, ಅವರ ಒಳ್ಳೆ ಕೈಯ ಪಕ್ಕದಲ್ಲೇ! ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಪಕ್ಕಕ್ಕೆ, ಮೇಲೆ. ಸದ್ದೇ ಇಲ್ಲದೆ ಬಿತ್ತು. ಗಾಡಿ ಗೇಟು ದಾಟಿತು. ಅಣ್ಣ ಪಕ್ಕಕ್ಕೆ ಹಾರಿದ.

ಎರಡನೇ ಗೇರಿಗೆ ಅವರು ಅವಸರ ಮಾಡಲಿಲ್ಲ. ಕೈ ಗೇರಿನ ಮೇಲೆ, ಕಣ್ಣು ನನ್ನ ಕಾಲಿನ ಮೇಲೆ. ನಾನು ಕ್ಲಚ್ ಒತ್ತುವವರೆಗೆ ಕಾದರು.

ಈಗ ಕಾರಿನೊಳಗಿಂದ ಅಪ್ಪನ ಹಾರ್ನ್ ಮೇಲೆ ಹಾರ್ನ್. ಆ ಸೀಟಿನಿಂದ ಎಡಗೈ ಸ್ಟೀರಿಂಗ್ ತನಕ ಎಟಕುತ್ತಾ? ಬಂದೆ, ಬಂದೆ! ಈ ಮನುಷ್ಯನಿಗೆ ಒಂದು ನಿಮಿಷ ತಾಳ್ಮೆ ಅನ್ನೋದು...