ಅಡಿಪಾಯದೊಳಗಿನ ಮರಗಳು

ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಗಡಿಬಿಡಿ ರಾಯರಿಗೆ,

ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಮನೆಯಾಕೆ, ಪುಟ್ಟಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಈಗ ಪರೀಕ್ಷೆಗಳ ಕಾಲ. ಮಕ್ಕಳಿಗೆ ಬೋರ್ಡು ಕಾಣಿಸುತ್ತಿಲ್ಲ ಎಂಬುದು ಅಪ್ಪ ಅಮ್ಮಂದಿರಿಗೆ ಹೊಳೆಯುವುದೇ ಈಗ, ಹಾಗಾಗಿ ಕನ್ನಡಕದಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅದೂ ಅಲ್ಲದೆ, ಬಿಟ್ಟುಹೋದ ಗಂಡನಿಗೆ ಕಾಗದ ಬರೆಯುವಾಗ ಏನೆಂದು ಶುರುಮಾಡುವುದು ಹೇಳು. ಕೊನೆಗೆ ಹಳೆಯ ಅಡ್ಡಹೆಸರೇ ಕೈಗೆ ಬಂತು.

ಸುದ್ದಿಗೆ ಬರುತ್ತೇನೆ. ನಾವಿಬ್ಬರೂ ಸಂಜೆ ನಡೆಯಲು ಹೋಗುತ್ತಿದ್ದ ಸಾರ್ವಜನಿಕ ಕಾಡಿನ ಪಕ್ಕದ ಇಳಿಜಾರನ್ನೆಲ್ಲ ಬಿಲ್ಡರ್ ಒಬ್ಬ ಕೊಂಡಿರುವುದು ನಿನಗೆ ಗೊತ್ತೇ ಇದೆ. ಮರ ಕಡಿದು ಸಾಲು ಮನೆ ಕಟ್ಟುತ್ತಾನಂತೆ. ಆದರೆ ಅಲ್ಲಿಗೆ ರಸ್ತೆ ಹೋಗಬೇಕಾದರೆ ಇರುವುದು ಒಂದೇ ದಾರಿ, ನಮ್ಮಿಬ್ಬರ ಹೆಸರಿನಲ್ಲಿರುವ ಸೈಟು. ಅದು ಕಾಡಿಗೆ ಸೇರಿಬಿಟ್ಟರೆ ಅವನಿಗೆ ರಸ್ತೆಯಿಲ್ಲ, ರಸ್ತೆಯಿಲ್ಲದ ಇಳಿಜಾರು ಅವನಿಗೆ ಬೇಕಾಗಿಲ್ಲ. ಆಗ ಅದನ್ನೂ ಕೊಂಡು ಕಾಡನ್ನು ದೊಡ್ಡದು ಮಾಡಲು ನಗರಸಭೆ ತಯಾರಿದೆ. "ನಿಮ್ಮ ಸೈಟು ಬಾಗಿಲಿಗೆ ಚಿಲಕ ಇದ್ದ ಹಾಗೆ ಕಣಮ್ಮ, ಅದೊಂದು ಬಿದ್ದರೆ ಸಾಕು" ಅನ್ನುತ್ತಾರೆ ಮೇಷ್ಟ್ರು. ಇವರು ನಿವೃತ್ತಿಯಾದ ಮೇಲೆ ಈ ಕಾಡಿನ ಕೆಲಸವನ್ನೇ ತಲೆಗೆ ಹಚ್ಚಿಕೊಂಡಿರುವವರು.

ಅವರಿಗಾಗಿ ನಾನೂ ಜನರ ಸಹಿ ಮಾಡಿಸುತ್ತಿದ್ದೇನೆ. ಹತ್ತಿರದ ದೃಷ್ಟಿ ನೋಡುವ ಕಾರ್ಡಿನ ಬದಲು ಕಾಡಿನ ಮನವಿಪತ್ರವನ್ನೇ ಗಿರಾಕಿಗಳ ಕೈಗೆ ಕೊಡುತ್ತೇನೆ. ಅಕ್ಷರ ಕಂಡವರು ಸಹಿ ಹಾಕುತ್ತಾರೆ, ಕಾಣದವರು ಕನ್ನಡಕ ಕೊಳ್ಳುತ್ತಾರೆ. ನೀನಿದ್ದಿದ್ದರೆ "ನಿನ್ನ ಕಿಲಾಡಿತನ ಸಾಯೋವರೆಗೂ ಹೋಗಲ್ಲ ಬಿಡು" ಅನ್ನುತ್ತಿದ್ದೆ.

ಬಿಲ್ಡರನ ಕಡೆಯವನು ನಿನ್ನ ಮನೆಗೂ ಬಂದಿದ್ದ, ಪುಟ್ಟಿಗೆ ಮುಂದೆ ದುಡ್ಡು ಬೇಕಾಗುತ್ತದೆ, ಮಾರಿಬಿಡೋಣ ಎಂದು ಬರೆದಿದ್ದೀಯ. ಅದರಲ್ಲಿ ತಪ್ಪೇನಿದೆ? ಅಪ್ಪನಾದವನು ಯೋಚಿಸಬೇಕಾದ್ದೇ ಅದು. ನನಗೆ ಹಿಂದಿಲ್ಲ ಮುಂದಿಲ್ಲ, ಕೊಟ್ಟು ದೊಡ್ಡವಳಾಗುವುದು ಸುಲಭ. ಆದರೂ ಏನು ಮಾರುತ್ತಿದ್ದೀಯ ಎಂದು ತಿಳಿದು ಮಾರು ಎನ್ನುವುದಷ್ಟೇ ನನ್ನ ಆಸೆ.

ನಾವು ಅರ್ಧಕ್ಕೆ ಬಿಟ್ಟ ಮನೆಯ ಅಡಿಪಾಯ ಹಾಗೇ ಇದೆ. ಮೊಣಕಾಲೆತ್ತರದ ಗೋಡೆಗೆ ಪಾಚಿ ಹಿಡಿದಿದೆ, ಒಳಗೆ ಕಾಡು ಒಕ್ಕಲು ಬಂದಿದೆ. ನಡುಮನೆಯಲ್ಲಿ ಒಂದು ಮರ, ತಲೆಯೆತ್ತಿ ನೋಡಬೇಕು. ಬಾಗಿಲು ಎಲ್ಲಿಡಬೇಕೆಂದು ನೀನು ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತಿದ್ದ ಜಾಗದಲ್ಲಿ ಮುಳ್ಳಿನ ಪೊದೆ ಬೆಳೆದು ಯಾರನ್ನೂ ಒಳಗೆ ಬಿಡುತ್ತಿಲ್ಲ. ನಾನು ಅಡುಗೆಮನೆಯ ಕಡೆಯಿಂದ ಗೋಡೆ ಹತ್ತಿ ಇಳಿಯುತ್ತೇನೆ. ಒಲೆ ಬರಬೇಕಿದ್ದ ಮೂಲೆಯಲ್ಲಿ ಇರುವೆಗಳದ್ದೇ ಸಂಸಾರ. ಮೊನ್ನೆ ಮೇಷ್ಟ್ರು ಅಲ್ಲಿ ನಿಂತು, "ಎಷ್ಟು ಚೆಂದದ ಮನೆಯಾಗ್ತಿತ್ತು ಅಲ್ವೇನಮ್ಮ" ಅಂದರು. ನಗಲು ಹೋದೆ, ಅಳು ಬಂತು. ಅವರು ಪಾಪ, ಆ ಕಡೆ ತಿರುಗಿಕೊಂಡರು.

ತಿಂಗಳ ಕೊನೆಗೆ ನಗರಸಭೆಯ ಸಭೆ. ನನ್ನ ಅರ್ಧವನ್ನು ಕಾಡಿಗೆ ಬರೆದುಕೊಟ್ಟಿದ್ದೇನೆ, ನಿನ್ನ ಅರ್ಧ ನಿನ್ನದು. ಒಪ್ಪಿಗೆಪತ್ರ ಇದರ ಜೊತೆ ಇಟ್ಟಿದ್ದೇನೆ. ನೀನು ಸಹಿ ಹಾಕದೆ ಮಾರಿದರೆ ಬಿಲ್ಡರನಿಗೆ ನಿನ್ನ ಅರ್ಧವೇ ಸಾಕು, ರಸ್ತೆ ನಡುಮನೆಯ ಮೇಲೇ ಹೋಗುತ್ತದೆ, ನನಗೆ ತುಂಬಾ ಸಂಕಟವಾಗುತ್ತದೆ. ಆದರೆ ನಿನ್ನ ಮೇಲೆ ಮುನಿಸಿಲ್ಲ. ಮುನಿಸಿಕೊಂಡು ಮುನಿಸಿಕೊಂಡು ನನಗೇ ಬೇಜಾರಾಗಿದೆ.

ರಾತ್ರಿ ಬಸ್ಸು ಓಡಿಸುವವನು ಹಳೆಯ ಕನ್ನಡಕದಲ್ಲೇ ಕಾಲ ತಳ್ಳಬೇಡ, ಕಣ್ಣು ತೋರಿಸಿಕೋ. ಬೇರೆ ಅಂಗಡಿಯಾದರೂ ಪರವಾಗಿಲ್ಲ. ಪುಟ್ಟಿಗೆ ನನ್ನ ಆಶೀರ್ವಾದ. ನೂರು ವರ್ಷ ನಗುನಗುತ್ತಾ ಬಾಳಲಿ, ಅಪ್ಪನ ಗಡಿಬಿಡಿ ಒಂದು ಬಾರದಿರಲಿ. ಅವಳ ಅಮ್ಮನಿಗೂ ಕೇಳಿದೆನೆಂದು ಹೇಳು.

ಇಂತಿ,
ಕನ್ನಡಕದಂಗಡಿಯವಳು

ತಾ.ಕ.: ಹಿಂದುಗಡೆಯ ಚಿಕ್ಕ ಕೋಣೆಯ ಬಗ್ಗೆ ಬರೆಯಲು ಕೈ ಬಂದಿರಲಿಲ್ಲ. ಆ ಸಲವೂ ಗರ್ಭ ನಿಲ್ಲಲಿಲ್ಲ ಎಂದು ಆಸ್ಪತ್ರೆಯಿಂದ ಬಂದ ದಿನ, ನೀನು ಅಲ್ಲೇ ನಿಂತು ಮೇಸ್ತ್ರಿಗೆ "ಕೆಲಸ ಸಾಕು" ಅಂದಿದ್ದೆ. ಆಮೇಲೆ ನಾವಿಬ್ಬರೂ ಆ ಕೋಣೆಗೆ ಕಾಲಿಡಲಿಲ್ಲ. ಈಗ ಅಲ್ಲಿ ಮರವಿಲ್ಲ, ಬರೀ ಹುಲ್ಲು, ಮೆತ್ತಗೆ ತಂಪಾಗಿದೆ. ಕೊಟ್ಟರೂ ಸರಿ, ಮಾರಿದರೂ ಸರಿ, ಸಭೆಗೆ ಮೊದಲು ಒಮ್ಮೆ ಪುಟ್ಟಿಯನ್ನು ಕರೆದುಕೊಂಡು ಬಾ. ಅದು ಯಾರಿಗೆಂದು ಇಟ್ಟ ಕೋಣೆ ಎಂದು ಅವಳಿಗೆ ಹೇಳಬೇಡ, ಸುಮ್ಮನೆ ಆಡಿಕೊಳ್ಳಲು ಬಿಡು. ಅಲ್ಲಿ ಒಂದು ಮಗು ಆಡುವುದನ್ನು ನಾನು ನೋಡಬೇಕು.